ವಾರಗಿತ್ತಿ ಕೆತ್ತಿದ ಮೊನೆ

ನನ್ನ ಗಂಡನ ತಮ್ಮನ ಹೆಂಡತಿಗೆ ಎಲ್ಲವೂ ಸಲೀಸಾಗಿ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಬರೆಯುವುದನ್ನೆಲ್ಲ ಓದಿ ನೀವು ನನ್ನನ್ನು ದೊಡ್ಡ ಮನಸ್ಸಿನವಳು ಎಂದುಕೊಂಡುಬಿಟ್ಟೀರಿ. ಅವಳಿರುವುದು ಸರಟೋಗಾದಲ್ಲಿ, ಗುಡ್ಡದ ಮೇಲಿನ ಮನೆ, ಹಿತ್ತಿಲ ತುಂಬ ನಿಂಬೆ, ದಾಳಿಂಬೆ. ನಾನಿರುವುದು ವಾಲ್ನಟ್ ಕ್ರೀಕಿನ ಟೌನ್‌ಹೌಸಿನಲ್ಲಿ. ನನ್ನ ಹಿತ್ತಿಲಲ್ಲಿ ನಾಲ್ಕು ಕುರ್ಚಿ ಹಾಕಿದರೆ ಐದನೆಯವರು ನಿಲ್ಲಬೇಕು. ಅವಳ ಹೋಳಿಗೆ ಹರಿಯುವುದಿಲ್ಲ, ಚಕ್ಕುಲಿ ಮುರಿಯುವುದಿಲ್ಲ. ಅತ್ತೆ ಊರಿಂದ ಫೋನು ಮಾಡಿ ನನ್ನೊಂದಿಗೆ ಹತ್ತು ನಿಮಿಷ ಮಾತಾಡಿದರೆ ಅರ್ಧ ಅವಳ ವಿಷಯವೇ. ಇದನ್ನೆಲ್ಲ ನಾನು ಹೇಗೋ ನುಂಗಿಕೊಂಡಿದ್ದೆ. ಏಕೆಂದರೆ ಅವಳ ಹತ್ತಿರ ಇಲ್ಲದ್ದೊಂದು ನನ್ನ ಹತ್ತಿರ ಇತ್ತು. ಪ್ರತಿ ಶನಿವಾರ ಬೆಳಗ್ಗೆ ನಾನು ಓಕ್ಲ್ಯಾಂಡಿನಲ್ಲಿ ಒಬ್ಬ ಮುದುಕರ ಹಿತ್ತಿಲಿಗೆ ಹೋಗಿ ಕಲ್ಲಿನಲ್ಲಿ ಬಾಣದ ಮೊನೆ ಮಾಡುತ್ತಿದ್ದೆ.

ಆ ಮುದುಕರು ನನಗೆ ಸಿಕ್ಕಿದ್ದು ನಾನು ಕೆಲಸ ಮಾಡುವ ಆಸ್ಪತ್ರೆಯ ಲ್ಯಾಬಿನಲ್ಲಿ. ರಕ್ತ ತೆಗೆಯಲು ಕೈ ಚಾಚಿ ಎಂದೆ. ಚಾಚಿದ ಕೈಯ ಬೆರಳ ತುಂಬ ಸಣ್ಣ ಸಣ್ಣ ಗೀರು. ಎರಡೂ ಕಿವಿಗೆ ಯಂತ್ರ ಹಾಕಿಕೊಂಡಿದ್ದರಿಂದ, ಮನೆಯಲ್ಲಿ ಬೆಕ್ಕಿದೆಯೇ ಎಂದು ಜೋರಾಗಿ ಕೇಳಿದೆ. ಅವರು ನಕ್ಕು ಜೇಬಿನಿಂದ ಕರೀ ಗಾಜಿನಂಥ ಒಂದು ಮೊನೆ ತೆಗೆದು ಮೇಜಿನ ಮೇಲಿಟ್ಟರು. ಜ್ವಾಲಾಮುಖಿಯಿಂದ ಬಂದ ಕಲ್ಲಂತೆ, ಅಬ್ಸಿಡಿಯನ್. ತಾವೇ ಬಿಲ್ಲು ಮಾಡಿ, ತಾವೇ ಕಲ್ಲು ಕೆತ್ತಿ, ಲೈಸೆನ್ಸು ತೆಗೆದುಕೊಂಡು ವರ್ಷಕ್ಕೊಮ್ಮೆ ಕಾಡುಹಂದಿ ಬೇಟೆಗೆ ಹೋಗುವವರು. ನಾನು ಅದನ್ನೆತ್ತಿಕೊಂಡು, ಏನೂ ಯೋಚಿಸದೆ, ಉಗುರಿನಿಂದ ತಟ್ಟಿ ಕಿವಿಯ ಹತ್ತಿರ ಹಿಡಿದೆ. ಟಿಣ್ ಎಂದಿತು.

"ಈಗೇನು ಮಾಡಿದಿರಿ?" ಎಂದು ಕೇಳಿದರು. ಅವರು ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಮಾತ್ರ ಅದು ಕನ್ನಡದಲ್ಲೇ ಉಳಿದಿದೆ.

ಮಡಕೆ ನೋಡುವ ಹಾಗೆ ನೋಡಿದೆ ಎಂದೆ. ಮಂಡ್ಯದ ಕಡೆ ನಮ್ಮಜ್ಜಿ ಸಂತೆಯಲ್ಲಿ ಮಡಕೆ ಕೊಳ್ಳುವಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದಳು. "ಕೇಳ್ಸ್ಕೊ ಮಗ, ಖಣ್ ಅಂದ್ರೆ ತಕ್ಕೊ, ಬೊದ್ ಅಂದ್ರೆ ಬುಡು" ಎನ್ನುವಳು. ಕಣ್ಣಿಗೆ ಕಾಣದ ಕೂದಲೆಳೆ ಬಿರುಕನ್ನು ಕಿವಿ ಹಿಡಿಯುತ್ತದೆ. ಅಜ್ಜಿಗೆ ವಯಸ್ಸಾಗಿ ಕಿವಿ ಮಂದವಾದ ಮೇಲೆ ತಟ್ಟುವುದು ಅವಳು, ಕೇಳುವುದು ನಾನು. ಮುದುಕರು ಇದನ್ನೆಲ್ಲ ನನ್ನ ತುಟಿ ನೋಡುತ್ತ ಕೇಳಿಸಿಕೊಂಡರು. ಕಲ್ಲು ಕೆತ್ತುವವರೂ ಹಾಗೆಯೇ ತಟ್ಟಿ ನೋಡುತ್ತಾರಂತೆ. ಅವರಿಗೆ ಈಚೆಗೆ ಸಣ್ಣ ದನಿಗಳು ಕೇಳಿಸುವುದಿಲ್ಲ, ಯಂತ್ರ ಹಾಕಿದರೂ ಅಷ್ಟೆ. ಶನಿವಾರ ಬನ್ನಿ ಎಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟರು.

ಹಾಗೆ ನಾನು ಅವರ ಕಿವಿಯಾದೆ. ಹಿತ್ತಿಲಲ್ಲಿ ಟಾರ್ಪಾಲು ಹಾಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಐದಾರು ಜನ ಕೂರುತ್ತಿದ್ದೆವು. ಕೆಲಸ ಹೇಳಲು ಸುಲಭ. ದುಂಡು ಕಲ್ಲಿನಿಂದ ಹೊಡೆದು ದೊಡ್ಡ ಕಲ್ಲಿನಿಂದ ಒಂದು ಹೋಳು ಬಿಡಿಸಬೇಕು. ಅಂಗೈ ಮೇಲೆ ಚರ್ಮ ಹಾಸಿ, ಅದರ ಮೇಲೆ ಆ ಹೋಳಿಟ್ಟು, ತಾಮ್ರದ ತುದಿಯಿರುವ ಕಡ್ಡಿಯಿಂದ ಅಂಚನ್ನು ಒತ್ತಿ ಒತ್ತಿ ಚಕ್ಕೆ ಎಬ್ಬಿಸಬೇಕು. ಪ್ರತಿ ಸಲ ಒತ್ತುವ ಮುಂಚೆ ಅಂಚನ್ನು ಒರಟು ಕಲ್ಲಿನಿಂದ ಉಜ್ಜಿ ಮೊಂಡು ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಅಂಚು ಪುಡಿಯಾಗುತ್ತದೆಯೇ ಹೊರತು ಚಕ್ಕೆ ಉದ್ದಕ್ಕೆ ಏಳುವುದಿಲ್ಲ, ಮೊನೆಯ ನಡು ಉಬ್ಬಿಕೊಂಡೇ ಉಳಿಯುತ್ತದೆ. ನನ್ನದು ಯಾವಾಗಲೂ ಉಬ್ಬಿದ್ದೇ. ಉಜ್ಜುವ ತಾಳ್ಮೆ ನನಗೆಲ್ಲಿಂದ ಬರಬೇಕು? ಹರಿತ ಮಾಡಲು ಕೂತವಳಿಗೆ ಮೊದಲು ಮೊಂಡು ಮಾಡು ಎಂದರೆ ಮೈ ಉರಿಯುತ್ತಿತ್ತು.

ಮುದುಕರ ಹತ್ತಿರ ಒಂದು ತಾಮ್ರದ ಬಳೆ ಇತ್ತು, ಹೆಬ್ಬೆರಳು ತೂರುವಷ್ಟು ಅಗಲದ್ದು. ಮೊನೆ ಅದರೊಳಗೆ ತೂರಿಹೋದರೆ ಅಗಲ ಸಾಲದು ಎಂದರ್ಥ, ಕಾನೂನು ಅದನ್ನು ಬೇಟೆಗೆ ಬಿಡುವುದಿಲ್ಲ. ಬೇಟೆಗೆ ಹೋಗುವ ಹಿಂದಿನ ಶನಿವಾರ ನಾವೆಲ್ಲ ನಮ್ಮ ನಮ್ಮ ಮೊನೆಗಳನ್ನು ಮೇಜಿನ ಮೇಲಿಡುತ್ತಿದ್ದೆವು. ಅವರು ಬಳೆ ಹಿಡಿದು ನೋಡಿ, ಬೆರಳಲ್ಲಿ ದಪ್ಪ ನೋಡಿ, ಕೊನೆಗೆ ನನ್ನ ಕೈಗೆ ಕೊಟ್ಟು, "ಏನನ್ನುತ್ತದೆ?" ಎಂದು ಕೇಳುವರು. ನಾನು ಚೆನ್ನಾಗಿದೆ ಎಂದರೆ ಚೆನ್ನಾಗಿದೆ, ಒಡೆದಿದೆ ಎಂದರೆ ಕಸದ ಡಬ್ಬಿಗೆ. ಹಾಗೆ ಆರಿಸಿದ್ದು ಮೂರೇ ಮೂರು, ಅವರ ಬತ್ತಳಿಕೆಯಲ್ಲಿದ್ದದ್ದು ಮೂರೇ ಬಾಣ. ಅದರಲ್ಲೂ ಮೊದಲು ಬಿಲ್ಲಿಗೇರುವ ಬಾಣಕ್ಕೆ ಯಾರ ಮೊನೆ ಕಟ್ಟುತ್ತಾರೆ ಎನ್ನುವುದೇ ನಮಗೆಲ್ಲ ದೊಡ್ಡ ವಿಷಯ.

ಎರಡು ವರ್ಷ ನನ್ನದು ಆ ಮೂರರಲ್ಲೂ ಬರಲಿಲ್ಲ. "ಇನ್ನೂ ಸ್ವಲ್ಪ ತೆಳುವಾಗಬೇಕು" ಎನ್ನುವರು, ಪಾಪ, ಮೆತ್ತಗೆ. ಬೇರೆಯವರ ಮೊನೆಗಳನ್ನು ತಟ್ಟಿ ಚೆನ್ನಾಗಿದೆ ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನನ್ನ ಕಿವಿ ನನಗೆ ಹಾಗಾಗಿತ್ತು. ನನಗೆ ಬೇಕಿದ್ದದ್ದು ಒಂದೇ, ನನ್ನ ಕೈಯಲ್ಲಾದ ಮೊನೆ ಆ ಮೊದಲ ಬಾಣದ ತುದಿಯಲ್ಲಿರಬೇಕು.

ಇಂಥ ಹೊತ್ತಿನಲ್ಲಿ ನಾನೇ ವಾರಗಿತ್ತಿಯನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಯಾರೂ ಒತ್ತಾಯ ಮಾಡಲಿಲ್ಲ. ಅವಳಿಗೆ ಬಾರದ ಕೆಲಸವನ್ನು ನಾನು ಮಾಡುವುದನ್ನು ಅವಳು ಒಮ್ಮೆ ನೋಡಲಿ ಎಂಬ ಚಪಲ. ಮಾಡಿದ್ದುಣ್ಣೋ ಮಹರಾಯ.

ಮೈಸೂರಿನ ಹುಡುಗಿ ಅವಳು. ಮದುವೆಗೆ, ಸೀಮಂತಕ್ಕೆ ಕೊಬ್ಬರಿ ಗಿಟುಕಿನ ಮೇಲೆ ನವಿಲು, ಬಳ್ಳಿ, ಆನೆ ಕೆತ್ತಿ ಕೊಡುವ ಮನೆಯವಳು. ಅದನ್ನು ನಾನು ಮರೆತಿದ್ದೆ ನೋಡಿ. ಮೊದಲ ದಿನವೇ ಅವಳು ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಅಂಚನ್ನು ಉಜ್ಜತೊಡಗಿದಳು. ಉಜ್ಜಿದಳು, ಉಜ್ಜಿದಳು, ನನಗೆ ನೋಡಿಯೇ ಬೇಸರ ಬರುವಷ್ಟು ಉಜ್ಜಿದಳು. ಆಮೇಲೆ ಒತ್ತಿದಳು. ಮೀನಿನ ಹುರುಪೆಯಂತೆ ತೆಳ್ಳಗೆ, ನಡುವಿನ ತನಕ ಒಂದು ಚಕ್ಕೆ ಎದ್ದು ಬಂತು.

"ಅಕ್ಕ, ಇದು ಸರೀನಾ?" ಎಂದು ನನ್ನನ್ನು ಕೇಳಿದಳು.

"ಪರ್ವಾಗಿಲ್ಲ ಕಣೆ, ಫಸ್ಟ್ ಟೈಮಿಗೆ ಓಕೆ" ಎಂದೆ.

ಮುದುಕರು ಎದ್ದು ಬಂದು ಆ ಚಕ್ಕೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ನನ್ನ ಯಾವ ಚಕ್ಕೆಯನ್ನೂ ಅವರು ಬಿಸಿಲಿಗೆ ಹಿಡಿದಿರಲಿಲ್ಲ. ಆ ದಿನ ಮನೆಗೆ ಬಂದು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಆಮೇಲೆ ಅವಳು ಪ್ರತಿ ಶನಿವಾರ ಬರತೊಡಗಿದಳು. ಫ್ರೀವೇಯಲ್ಲಿ ಒಂದು ಗಂಟೆಯ ದಾರಿ, ಬರದೇ ಇರಬಹುದಿತ್ತು. ಬರುವಾಗ ಎಲ್ಲರಿಗೂ ನಿಪ್ಪಟ್ಟು ತರುತ್ತಿದ್ದಳು. ಶನಿವಾರ ಮಾಂಸ ಮುಟ್ಟದವಳು ಶನಿವಾರವೇ ಕೂತು ಹಂದಿ ಹೊಡೆಯುವ ಮೊನೆ ಮಾಡುತ್ತೀಯಲ್ಲ ಎಂದು ಚುಚ್ಚಿದೆ. "ನಾನು ತಿನ್ನೋದಿಲ್ವಲ್ಲ ಅಕ್ಕ, ಕೆತ್ತೋದು ಅಷ್ಟೆ" ಎಂದು ನಕ್ಕಳು. ಚುಚ್ಚಿದರೂ ನೋಯದವರ ಮೇಲೆ ಬರುವ ಸಿಟ್ಟು ಬೇರೆಯೇ. ಅವಳ ಬೆರಳಿಗೆ ಗೀರು ಬೀಳುವುದೂ ಕಡಿಮೆ. ನನ್ನ ಕೈ ನೋಡಿದರೆ ಲ್ಯಾಬಿಗೆ ಬಂದವರು ಹೆದರುತ್ತಿದ್ದರು. ಅವಳಿಗೆ ಮನೆಯಿದೆ, ಹಿತ್ತಿಲಿದೆ, ಅತ್ತೆಯ ಬಾಯಿ ತುಂಬ ಹೊಗಳಿಕೆಯಿದೆ. ಈ ಸುಡುಗಾಡು ಕಲ್ಲೊಂದನ್ನಾದರೂ ನನಗೆ ಬಿಡಬಾರದಿತ್ತೇ?

ಮೂರನೆಯ ವರ್ಷದ ಬೇಟೆಗೆ ಒಂದು ವಾರ ಮುಂಚೆ ಮೊನೆಗಳೆಲ್ಲ ಮೇಜಿಗೆ ಬಂದವು. ಆ ಸಲ ನಾನೂ ಹಲ್ಲು ಕಚ್ಚಿ ಉಜ್ಜಿದ್ದೆ. ನನ್ನದು ಬಳೆಯಲ್ಲಿ ತೂರಲಿಲ್ಲ, ದಪ್ಪವೂ ಕಡಿಮೆಯಾಗಿತ್ತು. ಮುದುಕರು, "ಭೇಷ್, ಇದು ಬತ್ತಳಿಕೆಗೆ" ಎಂದರು. ಕುಣಿಯುವಂತಾಯಿತು. ಅದರ ಹಿಂದೆಯೇ ಅವಳು ಕರವಸ್ತ್ರ ಬಿಚ್ಚಿ ತನ್ನದನ್ನಿಟ್ಟಳು. ಕಪ್ಪು ಕಲ್ಲಿನಲ್ಲಿ ಕೆಂಪು ಗೆರೆ ಓಡಿದ ಮೊನೆ. ಎರಡೂ ಬದಿ ಸಮ, ಬಾಣಕ್ಕೆ ಕಟ್ಟಲು ಬುಡದಲ್ಲಿ ಕೊರೆದ ಎರಡು ಕಚ್ಚುಗಳೂ ಅಳೆದಂತೆ. ಎಲ್ಲರೂ ಬಗ್ಗಿ ಅದನ್ನೇ ನೋಡಿದರು. ಮುದುಕರು ಬಳೆ ಹಿಡಿಯುವ ಗೋಜಿಗೂ ಹೋಗದೆ, "ಮೊದಲ ಬಾಣಕ್ಕೆ ಇದು" ಎಂದು ನನ್ನ ಕೈಗೆ ಕೊಟ್ಟರು. "ಏನನ್ನುತ್ತದೆ?"

ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಟ್ಟಿದೆ. ಟಕ್ ಎಂದಿತು.

ಇನ್ನೊಮ್ಮೆ ತಟ್ಟಿದೆ. ಮತ್ತೆ ಟಕ್. ಕಚ್ಚು ಕೊರೆಯುವಾಗ ಬುಡದಲ್ಲಿ ಎಲ್ಲೋ ಒಳಗೆ ಬಿರುಕು ಬಿಟ್ಟಿತ್ತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಪರೀಕ್ಷೆಯ ರಿಸಲ್ಟಿಗೆ ಕಾದವಳ ಹಾಗೆ. ಒಡೆದಿದೆ ಎಂದರೆ ಮುಗಿಯಿತು, ಮೊದಲ ಬಾಣ ನನ್ನದೇ ಆಗುತ್ತಿತ್ತೋ ಏನೋ. ಆದರೆ ಎಲ್ಲರೂ ಅಯ್ಯೋ ಪಾಪ ಎನ್ನುತ್ತಿದ್ದರು, ಮುದುಕರು ಅವಳ ಬೆನ್ನು ತಟ್ಟುತ್ತಿದ್ದರು, ಒಡೆದರೂ ಅದೇ ಚೆಂದ ಎನ್ನುತ್ತಿದ್ದರು. ನನಗೆ ಅದು ಬೇಡವಾಗಿತ್ತು. ಅವಳು ಮಾಡಿದ್ದು ಎಲ್ಲರ ಕಣ್ಣೆದುರು ಒಮ್ಮೆಯಾದರೂ ಸೋಲಬೇಕಿತ್ತು.

"ಚೆನ್ನಾಗಿದೆ" ಎಂದೆ.

ಆ ಮೊನೆಯನ್ನು ಪೈನ್ ಮರದ ಅಂಟಿನಲ್ಲಿ ಕೂರಿಸಿ, ಜಿಂಕೆಯ ಸ್ನಾಯುವಿನ ನಾರಿನಲ್ಲಿ ಬಿಗಿದು ಕಟ್ಟಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ನಾರು ಹಿಡಿದುಕೊಂಡದ್ದೂ ನಾನೇ. ಆ ವಾರದಲ್ಲಿ ಒಂದು ಫೋನು ಮಾಡಬಹುದಿತ್ತು. ಮಾಡಲಿಲ್ಲ. ಒಡೆದಿದ್ದರೂ ಬಾಣ ಗುರಿ ತಪ್ಪಿ ಹುಲ್ಲಿಗೆ ಬೀಳಬಹುದು, ಮೊನೆ ಮುರಿದು ಎಲ್ಲರೂ ನಗಬಹುದು, ಅಷ್ಟೇ ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಹಂದಿಯ ವಿಷಯ ನನ್ನ ತಲೆಗೆ ಬರಲೇ ಇಲ್ಲ. ಇದನ್ನು ನೀವು ನಂಬದಿದ್ದರೂ ಸರಿ.

ಬೇಟೆ ಮುಗಿಸಿ ಬಂದ ಮೇಲಿನ ಶನಿವಾರ ಮುದುಕರು ಕುರ್ಚಿಯಿಂದ ಏಳಲಿಲ್ಲ. ಬಾಣ ಹಂದಿಯ ಹೆಗಲಿಗೆ ಬಿತ್ತಂತೆ. ಮೂಳೆಗೆ ತಾಗಿದ್ದೇ ಮೊನೆ ಬುಡದಲ್ಲಿ ಮುರಿದು, ಹಂದಿ ಕಿರುಚಿಕೊಂಡು ಪೊದೆಗೆ ಓಡಿತು. ಎರಡು ದಿನ ರಕ್ತದ ಜಾಡು ಹಿಡಿದು ಬೆಟ್ಟವೆಲ್ಲ ಹುಡುಕಿದರೂ ಸಿಗಲಿಲ್ಲ. "ಪ್ರಾಣಿಯನ್ನು ಹೀಗೆ ನರಳಲು ಬಿಟ್ಟು ಬಂದವನಲ್ಲ ನಾನು. ಕೈ ನಡುಗಿರಬೇಕು. ವಯಸ್ಸಾಯಿತು" ಎಂದರು. ಯಾರ ಮೊನೆಯ ಮೇಲೂ ತಪ್ಪು ಹೊರಿಸಲಿಲ್ಲ. ವಾರಗಿತ್ತಿಯ ಮುಖ ಬಿಳಿಚಿಕೊಂಡಿತು. ನಾನು ಟಾರ್ಪಾಲು ಗುಡಿಸತೊಡಗಿದೆ. ಗುಡಿಸುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಎರಡು ವಾರ ಅವಳು ಬರಲಿಲ್ಲ. ಮೂರನೆಯ ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಂದಳು. ಕೈಯಲ್ಲೊಂದು ಚೀಲ, ಅದರಲ್ಲಿ ಕಲ್ಲುಪ್ಪು, ಸಾಸಿವೆ, ಒಣಮೆಣಸಿನಕಾಯಿ.

"ಅಕ್ಕ, ನನ್ನ ಕೈಗೆ ಯಾರ್ದೋ ದೃಷ್ಟಿ ಆಗಿದೆ. ಅವತ್ತು ಎಲ್ರೂ ಹಾಗೆ ನೋಡಿದ್ರಲ್ಲ. ಅತ್ತೇನೂ ಅದೇ ಅಂದ್ರು. ನೀವು ದೊಡ್ಡೋರು, ನೀವೇ ತೆಗೀಬೇಕು."

ದೃಷ್ಟಿ ಹಾಕಿದವಳ ಕೈಯಲ್ಲೇ ದೃಷ್ಟಿ ತೆಗೆಸಲು ಒಂದು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದಾಳೆ. ಬೇಡ ಕಣೆ, ಇದೆಲ್ಲ ನಂಬಬೇಡ ಎಂದೆ. ಕೇಳಲಿಲ್ಲ. ಒಳಗೆ ಸುಟ್ಟರೆ ಸ್ಮೋಕ್ ಅಲಾರಂ ಬಡಿದುಕೊಳ್ಳುತ್ತದೆ ಎಂದು ಹಿತ್ತಿಲಿಗೆ ಹೋಗಿ ಇದ್ದಿಲಿನ ಗ್ರಿಲ್ಲು ಹೊತ್ತಿಸಿದೆ. ಅವಳು ಎರಡೂ ಕೈಗಳನ್ನು ಮುಂದೆ ಚಾಚಿ, ಪೂರ್ವಕ್ಕೆ ಮುಖ ಮಾಡಿ ಕೂತಳು. ಹಿಡಿಯಲ್ಲಿ ಉಪ್ಪು ಮೆಣಸಿನಕಾಯಿ ಹಿಡಿದು ನೀವಾಳಿಸತೊಡಗಿದೆ. ನಮ್ಮವ್ವ ನನಗೆ ಹೇಳುತ್ತಿದ್ದ ಹಾಗೆಯೇ ಹೇಳಿದೆ. ಊರ ಕಣ್ಣು, ಕೇರಿ ಕಣ್ಣು, ನಾಯಿ ಕಣ್ಣು, ನರಿ ಕಣ್ಣು, ಕಂಡೋರ ಕಣ್ಣು, ಕಾಣದೋರ ಕಣ್ಣು. ಆಮೇಲೆ ಮನೆಯೋರ ಕಣ್ಣು ಎಂದು ಬರಬೇಕು. ನಾಲಿಗೆ ಹೊರಳಲಿಲ್ಲ. ಅದನ್ನು ಬಿಟ್ಟು ಬೆಂಕಿಗೆ ಹಾಕಿಬಿಟ್ಟೆ.

ದೃಷ್ಟಿಯಾಗಿದ್ದರೆ ಮೆಣಸಿನಕಾಯಿಯ ಘಾಟು ಬರುವುದಿಲ್ಲ ಎನ್ನುತ್ತಾರೆ. ಅಂದು ಬಂದ ಘಾಟು ಅಂಥಿಂಥದ್ದಲ್ಲ. ಇಬ್ಬರೂ ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸಿದೆವು. ಮಗಳು ಮಹಡಿಯ ಕಿಟಕಿಯಿಂದ, "ಅಮ್ಮಾ, ವಾಟ್ ಆರ್ ಯು ಬರ್ನಿಂಗ್?" ಎಂದು ಕೂಗಿ ಕಿಟಕಿ ಮುಚ್ಚಿದಳು.

ವಾರಗಿತ್ತಿ ಸೆರಗಲ್ಲಿ ಕಣ್ಣೊರೆಸಿಕೊಂಡಳು. "ಘಾಟು ಬಂತಲ್ಲ ಅಕ್ಕ. ಹಾಗಾದ್ರೆ ದೃಷ್ಟಿ ಅಲ್ಲ" ಎಂದಳು. "ನನ್ನ ಕೈಯೇ ಸರಿಯಿಲ್ಲ. ಒಂದು ಜೀವ ಎಲ್ಲೋ ನರಳಿ ಸತ್ತಿರುತ್ತೆ. ಇನ್ನು ನಾನು ಕಲ್ಲು ಮುಟ್ಟಲ್ಲ." ಚೀಲದ ತಳದಿಂದ ತನ್ನ ತಾಮ್ರದ ಕಡ್ಡಿ, ಚರ್ಮ, ಉಜ್ಜುವ ಕಲ್ಲು ತೆಗೆದು ನನ್ನ ಮುಂದಿಟ್ಟಳು. "ನೀವಿಟ್ಕೊಳ್ಳಿ. ನಿಮಗೆ ಬೇಕಾಗುತ್ತೆ."

ಅವಳು ಬಂದ ದಿನದಿಂದ ನಾನು ಬಯಸಿದ್ದು ಅಲ್ಲಿತ್ತು. ಅವಳು ತಾನಾಗಿ ಜಾಗ ಬಿಟ್ಟು ಹೋಗುತ್ತಿದ್ದಳು. ಸುಮ್ಮನೆ ಇಟ್ಟುಕೊಳ್ಳಬಹುದಿತ್ತು. ಆದರೆ ಅವಳು ಇನ್ನೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡೇ ಕೂತಿದ್ದಳು, ಅವು ತನ್ನವಲ್ಲ ಎನ್ನುವ ಹಾಗೆ. ಆ ಕೈಗಳ ಮೇಲೆ ನನಗಿದ್ದ ಹೊಟ್ಟೆಕಿಚ್ಚು ದೇವರಿಗೇ ಗೊತ್ತು. ಅವೇ ಕೈಗಳನ್ನು ಅವಳು ಹಾಗೆ ನೋಡುವುದನ್ನು ನನ್ನಿಂದ ನೋಡಲಾಗಲಿಲ್ಲ.

"ನಿನ್ನ ಕೈಯಲ್ಲ ಕಣೆ" ಎಂದೆ. "ಅದು ಒಡೆದಿತ್ತು. ನಂಗೆ ಕೇಳಿಸ್ತು. ಕೇಳಿಸಿಯೇ ಚೆನ್ನಾಗಿದೆ ಅಂದೆ."

"ಯಾಕೆ?"

"ಹೊಟ್ಟೆ ಉರೀತಿತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅಂದು ಹಗುರಾಗುತ್ತಿದ್ದೆ. ಎದ್ದು, ತನ್ನ ಕಡ್ಡಿ, ಚರ್ಮ, ಕಲ್ಲನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡಳು. ಗೇಟಿನ ಹತ್ತಿರ ನಿಂತು, "ಅವರಿಗೆ ನೀವೇ ಹೇಳ್ಬೇಕು ಅಕ್ಕ. ಅವರು ತಮ್ಮ ಕೈ ನಡುಗ್ತು ಅಂದ್ಕೊಂಡಿದ್ದಾರೆ" ಎಂದಳು. ಕಾಫಿ ಕುಡಿಯದೆ ಹೋದಳು.

ಶನಿವಾರ ಎಲ್ಲರೂ ಬರುವ ಮುಂಚೆಯೇ ಹೇಳಿ ಮುಗಿಸಿಬಿಡೋಣ ಎಂದು ಬೇಗ ಹೋದೆ. ಅಷ್ಟರಲ್ಲಾಗಲೇ ಎಲ್ಲರೂ ಬಂದು ಕೂತಿದ್ದರು. ಅವಳೂ ಇದ್ದಳು. ಮುದುಕರ ಪಕ್ಕ ಬಗ್ಗಿ ಮೆಲ್ಲಗೆ ಹೇಳಿದೆ. ಅವರು ಕಿವಿಯ ಯಂತ್ರ ತಿರುಗಿಸಿಕೊಂಡು, "ಕೇಳಿಸಲಿಲ್ಲ, ಜೋರಾಗಿ ಹೇಳಿ" ಎಂದರು. ಜೋರಾಗಿ ಹೇಳಿದೆ. "ಏನು ಒಡೆದಿತ್ತು?" ಎಂದರು. ಮೂರನೆಯ ಸಲ ಕೂಗಿ ಹೇಳಬೇಕಾಯಿತು. ಆ ಮೊನೆ ಒಡೆದಿತ್ತು, ನನಗೆ ಗೊತ್ತಿತ್ತು, ಸುಳ್ಳು ಹೇಳಿದೆ. ಪಕ್ಕದ ಮನೆಯವರು ಗಿಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿ ನೋಡಿದರು.

ಮುದುಕರು ತಮ್ಮ ಬಲಗೈಯನ್ನು ಮೇಲೆತ್ತಿ ನೋಡಿಕೊಂಡರು, ನಡುಗುತ್ತದೆಯೇ ಎಂದು. ನಡುಗಲಿಲ್ಲ. "ಆ ಹಂದಿ" ಎಂದರು. ಆಮೇಲೆ ಮೇಜಿನ ಮೇಲಿದ್ದ ಹೊಸ ಮೊನೆಯೊಂದನ್ನು ತೆಗೆದು, ನನ್ನನ್ನು ದಾಟಿ, ವಾರಗಿತ್ತಿಯ ಕೈಗೆ ಕೊಟ್ಟರು. "ಇನ್ನು ಮೇಲೆ ನೀವು ಕೇಳಿ ಹೇಳಿ."

ಅದು ಅವಳೇ ಆ ವಾರ ಮಾಡಿದ ಮೊನೆ. ಮುರಿದುಹೋದದ್ದಕ್ಕಿಂತ ಅಗಲ, ಅದಕ್ಕಿಂತ ತೆಳು. ಕೈಕೆಲಸದ ಹೆಸರು ಮೊದಲೇ ಅವಳದಾಗಿತ್ತು, ಈಗ ಕಿವಿಯ ಕೆಲಸವೂ ಅವಳಿಗೇ ಹೋಯಿತು ಎಂದುಕೊಂಡೆ. ಅವಳು ತಟ್ಟಿದಳು. ತಲೆ ವಾಲಿಸಿ ಇನ್ನೊಮ್ಮೆ ತಟ್ಟಿದಳು. ನಾನಿದ್ದಲ್ಲಿಗೇ ನನಗೆ ಕೇಳಿಸಿತು. ಅವಳ ಮುಖ ನೋಡಿದರೆ ಅವಳಿಗೆ ಏನೂ ತಿಳಿಯಲಿಲ್ಲ ಎನ್ನುವುದು ಗೊತ್ತಾಗುತ್ತಿತ್ತು. ಎದ್ದು ನೇರ ನನ್ನ ಹತ್ತಿರ ಬಂದಳು. ಎಲ್ಲರೂ ನೋಡುತ್ತಿದ್ದಂತೆ ಮೊನೆಯನ್ನು ನನ್ನ ಅಂಗೈಯಲ್ಲಿಟ್ಟಳು.

"ನಂಗೆ ಗೊತ್ತಾಗ್ತಿಲ್ಲ ಅಕ್ಕ. ನೀವೇ ಹೇಳಿ."

ಇಷ್ಟಾದ ಮೇಲೂ ಹೀಗೆ ನಂಬಲು ಇವಳಿಗೆ ಹೇಗೆ ಬರುತ್ತದೆ? ನನ್ನಿಂದಂತೂ ಆಗುತ್ತಿರಲಿಲ್ಲ. ಅದಕ್ಕೂ ನನ್ನ ಹೊಟ್ಟೆ ಉರಿಯಿತು. ಮೊನೆಯನ್ನು ಎರಡು ಬೆರಳಲ್ಲಿ ಹಿಡಿದು ಉಗುರಿನಿಂದ ತಟ್ಟಿದೆ. ಟಿಣ್ ಎಂದು, ಅಜ್ಜಿ ಕೊಳ್ಳುತ್ತಿದ್ದ ಮಡಕೆಗಿಂತ ಚೆನ್ನಾಗಿ, ಬಹಳ ಹೊತ್ತು ನಿಂತಿತು. ಮುದುಕರು ನನ್ನ ತುಟಿ ನೋಡುತ್ತ ಕಾಯುತ್ತಿದ್ದರು.

"ಚೆನ್ನಾಗಿದೆ" ಎಂದೆ. ಹೋದ ಸಲ ಇದೇ ಮಾತು ಎಷ್ಟು ಸುಲಭವಾಗಿ ಬಾಯಿಂದ ಬಂದಿತ್ತು.